ಗೋಲಿಬಾರಿನ ನಂತರದ ನ್ಯಾಯ: ಹಾವೇರಿ 2008 ಮತ್ತು ತನಿಖೆಯ ಸೀಮೆ

2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸಿದ್ದಲಿಂಗಪ್ಪ ಚೂರಿ ಮತ್ತು ಪುಟ್ಟಪ್ಪ ಹೊನ್ನತ್ತಿ ಜೀವ ಕಳೆದುಕೊಂಡರು. ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದ್ದ ಬಿ.ಎಸ್. ಯಡಿಯೂರಪ್ಪನವರ ಸರ್ಕಾರಕ್ಕೆ ಆಗ ಎರಡು ವಾರವೂ ತುಂಬಿರಲಿಲ್ಲ. ನ್ಯಾಯಾಂಗ ತನಿಖೆಗೆ ಆದೇಶವಾಯಿತು. ರೈತರು ಕೇಳಿದ ಪ್ರಶ್ನೆ ಒಂದು, ತನಿಖೆಯ ವ್ಯವಸ್ಥೆ ಎತ್ತಿಕೊಳ್ಳುವ ಪ್ರಶ್ನೆ ಇನ್ನೊಂದು. ಇವೆರಡರ ನಡುವಿನ ಅಂತರದಲ್ಲೇ ನ್ಯಾಯದ ಬೇಡಿಕೆ ಕಳೆದುಹೋಗುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಹಂಗಾಮಿನ ಮಾತು. ಜೂನ್ ಮೊದಲ ವಾರ ಕಳೆಯುವಾಗ ರೋಹಿಣಿ ಮಳೆ ಮುಗಿದು ಮಿರಗ ಕೂಡುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಿಂದ ಬ್ಯಾಡಗಿ ಸೀಮೆಯವರೆಗೆ ಗೋವಿನಜೋಳ, ಹತ್ತಿ ಬಿತ್ತುವವರಿಗೆ ಆ ಕೆಲವು ದಿನಗಳ ಹದವೇ ವರ್ಷದ ಲೆಕ್ಕ. ಡಿಎಪಿ ಬೀಜದ ಜೊತೆಗೇ ಮಣ್ಣಿಗಿಳಿಯಬೇಕಾದ ಗೊಬ್ಬರ. ಹದ ಆರಿದ ಮೇಲೆ ಬಂದ ಲಾರಿಯಿಂದ ಏನೂ ಪ್ರಯೋಜನವಿಲ್ಲ. ಆ ವರ್ಷ ಜಾಗತಿಕ ಮಾರುಕಟ್ಟೆಯಲ್ಲಿ ಡಿಎಪಿ ಬೆಲೆ ಟನ್ನಿಗೆ ಸಾವಿರ ಡಾಲರ್ ದಾಟಿತ್ತು. ಹಂಚಿಕೆ ಕೇಂದ್ರದ್ದು, ವಿತರಣೆ ರಾಜ್ಯದ್ದು. ಕೊರತೆಯ ಹೊಣೆಯನ್ನು ಎರಡೂ ಪರಸ್ಪರರ ಮೇಲೆ ಹೊರಿಸಿದವು. ಹೀಗಾಗಿ ಹಾವೇರಿಯ ಆ ಗುಂಪನ್ನು ಕಾನೂನು ಸುವ್ಯವಸ್ಥೆಯ ಸಮಸ್ಯೆಯಾಗಿಯಷ್ಟೇ ಓದುವುದು ತಪ್ಪು. ಅದು ಮೊದಲಿಗೆ ಪೂರೈಕೆ ಕುಸಿದುದರ ಫಲ.

ಕಾನೂನು ಮಾತ್ರ ಗುಂಡು ಹಾರಿದ ಗಳಿಗೆಯನ್ನೇ ನೋಡುತ್ತದೆ. ಆಗ ಜಾರಿಯಲ್ಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆಯ 129ನೇ ಸೆಕ್ಷನ್ ಪೊಲೀಸ್ ಬಲದಿಂದ ಗುಂಪು ಚದುರಿಸುವುದಕ್ಕೆ, 130 ಸೇನೆಯನ್ನು ಕರೆಸುವುದಕ್ಕೆ ಸಂಬಂಧಿಸಿದವು. ಇಲ್ಲಿ ಒಂದು ಅಸಮತೆಯಿದೆ. ಆದಷ್ಟು ಕಡಿಮೆ ಬಲ ಬಳಸಬೇಕು, ಜೀವಕ್ಕೂ ಆಸ್ತಿಗೂ ಆದಷ್ಟು ಕಡಿಮೆ ಹಾನಿಯಾಗಬೇಕು ಎಂಬ ಕಟ್ಟಳೆ ಸ್ಪಷ್ಟ ಅಕ್ಷರಗಳಲ್ಲಿರುವುದು 130ರಲ್ಲಿ, ಸೇನಾಧಿಕಾರಿಗೆ. ಪೊಲೀಸರ 129ರಲ್ಲಿ ಆ ಮಾತಿಲ್ಲ. ಆದರೆ 132 ಕೊಡುವ ರಕ್ಷಣೆ ಇಬ್ಬರಿಗೂ ಸಮಾನ: ಈ ಸೆಕ್ಷನ್‌ಗಳಡಿ ಮಾಡಿದ ಕೃತ್ಯಕ್ಕಾಗಿ ಸರ್ಕಾರದ ಮಂಜೂರಾತಿ ಇಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ಸೈನಿಕನಾದರೆ ಕೇಂದ್ರ ಸರ್ಕಾರ, ಪೊಲೀಸನಾದರೆ ರಾಜ್ಯ ಸರ್ಕಾರ. ಬಂದೂಕು ಯಾರ ಅಧೀನದಲ್ಲಿತ್ತೋ ಅವರೇ ಮೊಕದ್ದಮೆಯ ಬಾಗಿಲಿನ ಕೀಲಿ ಹಿಡಿದಿರುತ್ತಾರೆ. ಸೇನೆಯ ಸಂಯಮ ಪೊಲೀಸರಿಗೆ ಬರಹದಲ್ಲಿ ಬರಲಿಲ್ಲ, ಸೇನೆಯ ಕವಚ ಮಾತ್ರ ಬಂತು.

ವಿಚಾರಣಾ ಆಯೋಗ ಈ ಬಾಗಿಲನ್ನು ತೆರೆಯಲಾರದು. 1952ರ ಕಾಯ್ದೆಯಡಿ ಅದರ ಶಿಫಾರಸುಗಳಿಗೆ ಸರ್ಕಾರ ಬದ್ಧವಲ್ಲ. ರಾಮಕೃಷ್ಣ ದಾಲ್ಮಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಆಯೋಗದ ಮುಂದೆ ಕೊಟ್ಟ ಹೇಳಿಕೆಯನ್ನು ಹೇಳಿದವರ ವಿರುದ್ಧವೇ ಬಳಸುವಂತಿಲ್ಲ. ವರದಿಯನ್ನು ಕ್ರಮದ ವಿವರದೊಂದಿಗೆ ಆರು ತಿಂಗಳೊಳಗೆ ಶಾಸನಸಭೆಯ ಮುಂದಿಡಬೇಕೆಂಬ ನಿಯಮವೇನೋ ಇದೆ. ಆದರೆ ಆ ವಿವರದಲ್ಲಿ ಏನಿರಬೇಕು ಎಂಬುದು ಸರ್ಕಾರದ ವಿವೇಚನೆ. ‘ನ್ಯಾಯಾಂಗ ತನಿಖೆ’ ಎಂಬ ಘೋಷಣೆ ಕೇಳಿದೊಡನೆ ಪ್ರತಿಭಟನೆಗಳು ತಣಿಯುವುದು ನನಗೆ ಯಾವಾಗಲೂ ಅಚ್ಚರಿ.

ಹಾವೇರಿಗೂ ಮುಂಚಿನ ಗೋಲಿಬಾರೊಂದನ್ನು ನೋಡಿ. ಮಲಪ್ರಭಾ ನೀರಾವರಿ ಪ್ರದೇಶದ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ಹಾರಿತು. ನರಗುಂದದಲ್ಲಿ ಪೊಲೀಸ್ ಅಧಿಕಾರಿಯೊಬ್ಬರೂ ಗುಂಪಿನ ಕೈಗೆ ಸಿಕ್ಕು ಸತ್ತರು; ಹುತಾತ್ಮರ ಕಥನದಲ್ಲಿ ಈ ಸಾವು ಹೆಚ್ಚಾಗಿ ಬದಿಗೆ ಸರಿಯುತ್ತದೆ, ಸರಿಯಬಾರದು. ಅದೇ ವರ್ಷ ರೈತ ಸಂಘ ಹುಟ್ಟಿತು, ಕರದ ವಿಷಯದಲ್ಲಿ ಸರ್ಕಾರ ಹಿಂದೆ ಸರಿಯಿತು, 1983ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಬಾರಿ ಅಧಿಕಾರ ಕಳೆದುಕೊಂಡಿತು. ಅಂದರೆ ಸಿಕ್ಕ ಉತ್ತರ ಸಿಕ್ಕಿದ್ದು ರಾಜಕೀಯದಿಂದ. ಜುಲೈ 21ರಂತೆ ಜೂನ್ 10 ಕೂಡ ಈಗ ರೈತರ ಪಂಚಾಂಗ ಸೇರಿದೆ. ಹಾವೇರಿಯಲ್ಲಿ ರೈತ ಸಂಘಟನೆಗಳು ಆ ದಿನ ಹುತಾತ್ಮರನ್ನು ನೆನೆಯುತ್ತವೆ. ಸ್ಮರಣೆಗೆ ಯಾರ ಮಂಜೂರಾತಿಯೂ ಬೇಕಿಲ್ಲವಲ್ಲ!

ತನಿಖೆಯೇ ವ್ಯರ್ಥ ಎನ್ನಲಾಗದು. ತೂತ್ತುಕುಡಿಯಲ್ಲಿ 2018ರ ಮೇ 22ರಂದು ಸ್ಟರ್ಲೈಟ್ ತಾಮ್ರ ಕಾರ್ಖಾನೆಯ ವಿರುದ್ಧ ನಡೆದ ಪ್ರತಿಭಟನೆಯ ಮೇಲಿನ ಗೋಲಿಬಾರಿನ ಬಗ್ಗೆ ಅರುಣಾ ಜಗದೀಶನ್ ಆಯೋಗ ಪೊಲೀಸರ ಅತಿರೇಕವನ್ನು ಗುರುತಿಸಿತು. ವರದಿ 2022ರಲ್ಲಿ ಸದನಕ್ಕೆ ಬಂತು. ಉತ್ತರ ಐರ್ಲೆಂಡಿನ ಡೆರಿಯಲ್ಲಿ 1972ರ ಜನವರಿ 30ರಂದು ಬ್ರಿಟಿಷ್ ಸೈನಿಕರು ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಗುಂಡು ಹಾರಿಸಿದಾಗ ಅದೇ ವರ್ಷದ ವಿಡ್ಜರಿ ವರದಿ ಬಹುಮಟ್ಟಿಗೆ ಸೈನಿಕರ ಪರ ನಿಂತಿತು. ಸತ್ತವರ ಮನೆಯವರು ಬಿಡಲಿಲ್ಲ. 2010ರಲ್ಲಿ ಸಾವಿಲ್ ವರದಿ ಸತ್ತವರನ್ನು ನಿರ್ದೋಷಿಗಳೆಂದಿತು, ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅಲ್ಲಿ 38 ವರ್ಷ ಹಿಡಿದದ್ದು ಸತ್ಯ ಒಪ್ಪಿಕೊಳ್ಳುವುದಕ್ಕೆ; ಶಿಕ್ಷೆ ಅದಾದ ಮೇಲೂ ಕೈಗೆಟುಕಲಿಲ್ಲ.

ಈ ಹಿನ್ನೆಲೆಯಲ್ಲಿ ರೈತ ಚಳವಳಿಯ ಬೇಡಿಕೆ ‘ತನಿಖೆಯಾಗಲಿ’ ಎಂಬಲ್ಲಿಗೆ ನಿಲ್ಲದೆ ಮಂಜೂರಾತಿಯ ಕಡೆ ತಿರುಗಬೇಕೆಂದು ನನಗೆ ತೋರುತ್ತದೆ: ಕೊಡುವುದಾದರೆ ಇಂತಿಷ್ಟು ದಿನದಲ್ಲಿ, ನಿರಾಕರಿಸುವುದಾದರೆ ಲಿಖಿತ ಕಾರಣದೊಂದಿಗೆ. ಇದನ್ನು ಕಾನೂನಿನಲ್ಲೇ ಬರೆಯುವ ಅವಕಾಶ ಇತ್ತೀಚೆಗೊಮ್ಮೆ ಬಂದಿತ್ತು. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಗುಂಪು ಚದುರಿಸುವ ಸೆಕ್ಷನ್‌ಗಳು 148ರಿಂದ 151ರವರೆಗೆ ಸರಿದವು, 132 ಕೊಡುತ್ತಿದ್ದ ರಕ್ಷಣೆ 151ರಲ್ಲಿ ಮುಂದುವರಿಯಿತು.