ಬಾನುಲಿಯೂ ಎದುರುಮಾತೂ

ಕಪಿಲೆ ನಂಜನಗೂಡಿನ ಕಾರ್ಖಾನೆಗಳ ಸೀಮೆಯನ್ನು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆ ನೀರಿನ ಸುದ್ದಿ ಹೇಳುವ ಬಾನುಲಿ, ಕಾರ್ಖಾನೆಯವರ ಮಾತಿನೊಡನೆ ಕೆಳಗಿನ ರೈತರ ಮಾತನ್ನೂ ಕೇಳಿಸಬೇಕೆ? ಬೇಕೆಂಬುದೇ ನನ್ನ ಪಕ್ಷ.

1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಆಕಾಶವಾಣಿ 1942ರಲ್ಲಿ ಸಂಸ್ಥಾನದ, 1950ರಲ್ಲಿ ಕೇಂದ್ರದ ಪಾಲಾಯಿತು. ಸರ್ಕಾರದ ಬಾನುಲಿಯಲ್ಲಿ ಪಕ್ಷಗಳಿಗೆ ಚುನಾವಣಾ ಭಾಷಣದ ವೇಳೆ ದೊರೆತದ್ದು 1977ರಲ್ಲಿ, ಅದೂ ತುರ್ತುಪರಿಸ್ಥಿತಿಯ ಕೊನೆಗಾಲದಲ್ಲಿ! ಭಿನ್ನಾಭಿಪ್ರಾಯಗಳನ್ನೂ ಸಮತೂಕವಾಗಿ ಕೇಳಿಸಬೇಕೆಂದು 1990ರ ಪ್ರಸಾರ ಭಾರತಿ ಕಾಯಿದೆಯ 12ನೆಯ ಕಲಮು ವಿಧಿಸಿತು. ಕಾಯಿದೆ ಜಾರಿಯಾದದ್ದು 1997ರಲ್ಲಿ.

ಅಮೆರಿಕ ಇಂಥದೇ ನಿಯಮವನ್ನು 1987ರಲ್ಲಿ ಕೈಬಿಟ್ಟಿತು. ನಿಯಮಕ್ಕಂಜಿ ಕೇಂದ್ರಗಳು ವಾದಗ್ರಸ್ತ ವಿಷಯಗಳನ್ನೇ ಬಿಡುತ್ತವೆಂಬುದು ಅಲ್ಲಿಯ ವಾದ. ಅದರಲ್ಲಿ ಹುರುಳಿದೆ, ಬಲ್ಲೆ. ಆದರೂ ನಮ್ಮ ಕಲಮು ಉಳಿಯಲಿ. ಖಾಸಗಿ ವಾಹಿನಿಗಳನ್ನು ಅದು ಕಟ್ಟದೆಂಬುದೇ ನನ್ನ ತಕರಾರು.