ದಿವಾನ ಹಳೆಯದು ಒಳ್ಳೆಯದೋ, ಹೊಸದೋ? ಮೊದಲು ಅಡಿಭಾಗ ನೋಡಿ

‘ಹಳೇ ಕಾಲದ ದಿವಾನ, ಅಪ್ಪಟ ತೇಗ, ನೂರು ವರ್ಷವಾದರೂ ಹುಳ ಹಿಡಿಯಲ್ಲ. ಈಗಿನ ಪ್ಲೈವುಡ್‌ನಿಂದ ಕ್ಯಾನ್ಸರ್ ಬರುತ್ತದೆ.’ ಇಂಥ ಮೆಸೇಜು ನಿಮಗೂ ಬಂದಿರಬಹುದು. ‘ಯಾರೋ ಮಲಗಿದ ಹಳೇ ಮಂಚ ಮನೆಗೆ ತಂದರೆ ದರಿದ್ರ’ ಎನ್ನುವುದೂ ಅದೇ ಗ್ರೂಪಿನಲ್ಲಿ ಓಡಾಡುತ್ತಿರುತ್ತದೆ. ದರಿದ್ರದ ವಿಚಾರ ಬಿಡಿ. ಆದರೆ ಹಳೇ ದಿವಾನದ ಜೊತೆ ಮನೆಗೆ ಬರಬಹುದಾದ ಒಂದೆರಡು ನಿಜವಾದ ತೊಂದರೆಗಳನ್ನು ಈ ಫಾರ್ವರ್ಡ್‌ಗಳು ಹೇಳುವುದೇ ಇಲ್ಲ.

ಮೊದಲು ಹೆಸರಿನ ವಿಷಯ. ಮೈಸೂರಿನ ದಿವಾನರಿಗೂ ನಮ್ಮ ಹಾಲಿನ ದಿವಾನಕ್ಕೂ ಮೂಲ ಒಂದೇ ಪರ್ಷಿಯನ್ ಪದ. ಲೆಕ್ಕದ ದಾಖಲೆ ಎಂಬ ಅರ್ಥದಿಂದ ಅದು ಕಚೇರಿಗೆ, ಆಮೇಲೆ ಆ ಕಚೇರಿಯಲ್ಲಿ ಗೋಡೆಗುಂಟ ಹಾಕುತ್ತಿದ್ದ ಮೆತ್ತನೆಯ ಆಸನಕ್ಕೆ ಬಂತು.

‘ಆಂಟಿಕ್’ ಎಂದರೆ ಎಷ್ಟು ಹಳೆಯದು? ಭಾರತದ 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ಇಂಥ ಸಾಮಾನಿಗೆ ಕನಿಷ್ಠ 100 ವರ್ಷ ಆಗಿರಬೇಕು. ‘ವಿಂಟೇಜ್’ ಎಂಬುದಕ್ಕೆ ಕಾನೂನಿನಲ್ಲಿ ಅರ್ಥವೇ ಇಲ್ಲ, ಅದು ಅಂಗಡಿಯವರ ಮಾತು. 1970ರ ದಿವಾನವೂ ವಿಂಟೇಜೇ, ಹೋದ ತಿಂಗಳು ಮಾಡಿ ಚಹಾ ಡಿಕಾಕ್ಷನ್ ಬಳಿದದ್ದೂ ಕೆಲವೊಮ್ಮೆ ವಿಂಟೇಜೇ.

ಹಾಗಾಗಿ ನಾವು ಹೇಳುವುದು ಇಷ್ಟೇ: ಇಬ್ಬರು ಸೇರಿ ದಿವಾನವನ್ನು ಮಗುಚಿ ಹಾಕಿ. ಪಾಲಿಶ್ ಮೇಲ್ಭಾಗಕ್ಕೆ ಮಾಡಿರುತ್ತಾರೆ, ಅಡಿಭಾಗಕ್ಕೆ ಅಷ್ಟು ಶ್ರಮ ಹಾಕುವವರು ಕಡಿಮೆ. ಕೈಯಿಂದ ಕೀಸಿದ ಹಲಗೆಯ ಮೇಲೆ ಬೆರಳಾಡಿಸಿದರೆ ಸಣ್ಣ ಏರಿಳಿತ ಸಿಗುತ್ತದೆ. ಹಳೇ ಸ್ಕ್ರೂಗಳ ತಲೆಯಲ್ಲಿ ಒಂದೇ ಗೀರು ಇರುತ್ತದೆ. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ನಂತರ, ಆದ್ದರಿಂದ ಎಲ್ಲ ಕಡೆ ಪ್ಲಸ್ ಸ್ಕ್ರೂ ಇರುವ ‘ಬ್ರಿಟಿಷರ ಕಾಲದ’ ದಿವಾನವನ್ನು ಅನುಮಾನಿಸಬೇಕು (ರಿಪೇರಿಯಲ್ಲಿ ಒಂದೆರಡು ಬದಲಾಗಿದ್ದರೆ ಅದು ಬೇರೆ ಮಾತು). ಕಡೆದ ದುಂಡನೆ ಕಾಲಿದ್ದರೆ ಅದರ ಅಗಲವನ್ನು ಎರಡು ದಿಕ್ಕಿನಿಂದ ಅಳೆದು ನೋಡಿ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ, ಹಾಗಾಗಿ ಹಳೇ ಕಾಲು ತುಸು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಇದನ್ನು ನಕಲು ಮಾಡುವುದು ಕಷ್ಟ.

ಬೀಟೆ ನೀರಲ್ಲಿ ಮುಳುಗುತ್ತದಾ?

‘ತುಂಡು ಮುಳುಗಿದರೆ ಬೀಟೆ, ತೇಲಿದರೆ ಮೋಸ’ ಎಂಬ ಪರೀಕ್ಷೆ ತಪ್ಪು. ಒಂದು ಘನ ಮೀಟರ್ ನೀರು 1000 ಕೆ.ಜಿ. ತೂಗುತ್ತದೆ. ಅಷ್ಟೇ ಅಳತೆಯ ಒಣ ಬೀಟೆ ಸುಮಾರು 850 ಕೆ.ಜಿ., ತೇಗ ಸುಮಾರು 650 ಕೆ.ಜಿ. ಸಾಮಾನ್ಯವಾಗಿ ಎರಡೂ ತೇಲುತ್ತವೆ. ಆನ್‌ಲೈನ್‌ನಲ್ಲಿ ‘ರೋಸ್‌ವುಡ್’ ಎಂದು ಸಿಗುವುದು ಹೆಚ್ಚಾಗಿ ಶೀಶಂ. ಅದು ನಮ್ಮ ಬೀಟೆಯ ಸಂಬಂಧಿ, ಒಳ್ಳೆಯ ಮರವೇ, ಆದರೆ ಬೀಟೆಯಲ್ಲ. ‘ಸಾಲಿಡ್ ವುಡ್’ ಎಂದಿದ್ದರೆ ತೇಗ ಎಂದುಕೊಳ್ಳಬೇಡಿ, ರಬ್ಬರ್ ಮರವೂ ಸಾಲಿಡ್ ವುಡ್ಡೇ. ‘ಎಂಜಿನಿಯರ್ಡ್ ವುಡ್’ ಎಂದಿದ್ದರೆ ಬಹುತೇಕ ಪುಡಿ ಅಥವಾ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ.

ತೇಗಕ್ಕೆ ಹುಳ ಹಿಡಿಯಲ್ಲ ಎಂಬುದು ಅರ್ಧ ಸತ್ಯ. ತೇಗದ ಒಳಗಿನ ಕಂದು ಚೇಗು ಗೆದ್ದಲನ್ನು ಚೆನ್ನಾಗಿ ತಡೆಯುತ್ತದೆ. ಹೊರಗಿನ ಬಿಳಿ ಭಾಗಕ್ಕೆ ಆ ಶಕ್ತಿ ಇಲ್ಲ. ಮರ ಉಳಿಸಲು ಬಿಳಿ ಭಾಗವನ್ನೂ ಸೇರಿಸಿ, ಮೇಲೆ ಬಣ್ಣ ಬಳಿದಿರುತ್ತಾರೆ. ಅಡಿಯಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳಿದ್ದು, ತಟ್ಟಿದಾಗ ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ ಎಂದರ್ಥ. ತಿಗಣೆಗೆ ಮರದ ಜಾತಿ ಲೆಕ್ಕಕ್ಕಿಲ್ಲ, ಸಂದು ಸಿಕ್ಕರೆ ಸಾಕು. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ‘ಒಂದು ದಿನ ಬಿಸಿಲಿಗಿಟ್ಟರೆ ಸಾಯುತ್ತದೆ’ ಎನ್ನುತ್ತಾರೆ. ಅದು ಸಾಯಲು ಸುಮಾರು 50 ಡಿಗ್ರಿ ಶಾಖ ಬೇಕು, ದಪ್ಪ ಮರದ ಸಂದಿನೊಳಗೆ ನಮ್ಮ ಬಿಸಿಲು ಅಷ್ಟು ಕಾವು ಮುಟ್ಟಿಸುವುದು ಕಷ್ಟ. ಎಟಿಎಂ ಕಾರ್ಡಿನಂಥ ತೆಳು ಕಾರ್ಡನ್ನು ಸಂದಿನಲ್ಲಿ ಎಳೆದು ನೋಡಿ. ಕಪ್ಪು ಚುಕ್ಕಿ, ಸಿಪ್ಪೆ ಬಂದರೆ ದಿವಾನ ಅಲ್ಲೇ ಬಿಟ್ಟು ಬನ್ನಿ. ಹಳೇ ಹಾಸಿಗೆಯನ್ನಂತೂ ಜೊತೆಗೆ ತರಲೇಬೇಡಿ.

ಯಾರೂ ಫಾರ್ವರ್ಡ್ ಮಾಡದ ಅಪಾಯ

ಹಳೇ ದಿವಾನಕ್ಕೆ ಬಿಳಿ, ಹಳದಿ, ಹಸಿರು, ಕೆಂಪು ಪೇಂಟ್ ಇದ್ದರೆ ಅದರಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಭಾರತದಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಪೇಂಟ್ ಗಟ್ಟಿಯಾಗಿ ಕೂತಿರುವವರೆಗೆ ಅಪಾಯ ಕಡಿಮೆ. ‘ಹೊಸ ಲುಕ್’ ಕೊಡಲು ಬಡಗಿಯನ್ನು ಕರೆಸಿ, ಹಾಲಿನಲ್ಲೇ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿಸುತ್ತೇವಲ್ಲ, ತೊಂದರೆ ಶುರುವಾಗುವುದು ಆಗಲೇ. ಸೀಸದ ಧೂಳು ನೆಲಕ್ಕೆ, ಅಂಬೆಗಾಲಿಡುವ ಮಗುವಿನ ಕೈಗೆ, ಅಲ್ಲಿಂದ ಬಾಯಿಗೆ ಹೋಗುತ್ತದೆ. ಅದು ಮಗುವಿನ ಮೆದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವಂಥ ಸುರಕ್ಷಿತ ಪ್ರಮಾಣ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಉಜ್ಜಲೇಬೇಕಿದ್ದರೆ ಮನೆಯಿಂದ ಹೊರಗೆ, ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು, ಮಾಸ್ಕ್ ಹಾಕಿಯೇ ಉಜ್ಜಬೇಕು. ಮಕ್ಕಳು, ಗರ್ಭಿಣಿಯರು ಹತ್ತಿರ ಬರಬಾರದು. ಪೊರಕೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ. ಮಗುವಿರುವ ಮನೆಗಾದರೆ ಪೇಂಟ್ ಸಿಪ್ಪೆಯೇಳುತ್ತಿರುವ ದಿವಾನವನ್ನು ತರಬೇಡಿ ಎಂದೇ ನಮ್ಮ ಸಲಹೆ. ಅರಗಿನ ಪಾಲಿಶ್ ಮಾತ್ರ ಇರುವ ಮರಕ್ಕೆ ಈ ಭಯ ಅಷ್ಟಿಲ್ಲ.

ಹೊಸ ದಿವಾನದ ಮೇಲಿನ ‘ಕ್ಯಾನ್ಸರ್’ ಆರೋಪ? ಪ್ಲೈವುಡ್, ಪಾರ್ಟಿಕಲ್ ಬೋರ್ಡ್‌ಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಹೊರಬರುವುದು ನಿಜ. 2004ರಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದೂ ನಿಜ. ಆದರೆ ಅದಕ್ಕೆ ಮುಖ್ಯ ಆಧಾರ ವರ್ಷಗಟ್ಟಲೆ ಆ ಅನಿಲದ ನಡುವೆ ಕೆಲಸ ಮಾಡಿದವರ ಅಧ್ಯಯನಗಳು. ದಿವಾನದ ಮೇಲೆ ಕೂತು ಟಿವಿ ನೋಡುವುದು ಅದಕ್ಕೆ ಸಮವಲ್ಲ. ಘಾಟು ಮೊದಲ ಕೆಲವು ತಿಂಗಳು ಹೆಚ್ಚು, ಆಮೇಲೆ ಇಳಿಯುತ್ತದೆ. ಆವರೆಗೆ ಕಿಟಕಿ ತೆರೆದಿಡಿ. ಅಸ್ತಮಾ ಇರುವವರನ್ನು ಆ ಕೋಣೆಯಲ್ಲಿ ಮಲಗಿಸಬೇಡಿ. ಹಲಗೆಯ ಅಂಚುಗಳನ್ನು ಪೂರ್ತಿ ಮುಚ್ಚಿದ್ದಾರೆಯೇ ನೋಡಿ, ಅನಿಲ ಹೆಚ್ಚು ಹೊರಬರುವುದೂ ತೇವ ಒಳನುಗ್ಗುವುದೂ ಅಲ್ಲಿಂದಲೇ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ, ನೀರು ಕುಡಿದು ಊದಿಕೊಂಡರೆ ಮತ್ತೆ ಮೊದಲಿನಂತಾಗುವುದಿಲ್ಲ. ಪ್ಲೈವುಡ್ ಆದರೆ ನೀರು ತಡೆಯುವ ‘ಬಿಡಬ್ಲ್ಯುಆರ್’ ದರ್ಜೆ ಕೇಳಿ.

ವಿದೇಶದಲ್ಲಿರುವವರು ಅಜ್ಜಿಯ ದಿವಾನ ಸಾಗಿಸುವ ಮುನ್ನ ಒಂದು ಮಾತು. 100 ವರ್ಷ ದಾಟಿದ ಪ್ರಾಚೀನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಬೀಟೆ, ಶೀಶಂ ಎರಡೂ 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ.

ಕೊನೆಗೆ ಟೇಪು. ಅಂಗಡಿಯವರು ಹೇಳುವ ಎತ್ತರ ಹಾಸಿಗೆ ಇಲ್ಲದ್ದು. 16 ಇಂಚಿನ ಚೌಕಟ್ಟಿಗೆ 4 ಇಂಚಿನ ಹಾಸಿಗೆ ಹಾಕಿದರೆ 20 ಇಂಚು, ಕುಳ್ಳಗಿರುವ ಅಜ್ಜಿಯ ಕಾಲು ನೆಲ ಮುಟ್ಟುವುದಿಲ್ಲ. ಹಾಸಿಗೆ ಸೇರಿ 17–18 ಇಂಚು ಇದ್ದರೆ ಕೂರಲೂ ಏಳಲೂ ಸಲೀಸು. ದಿವಾನದ ಅಗಲ ಸಾಮಾನ್ಯವಾಗಿ 30ರಿಂದ 36 ಇಂಚು, ಕುರ್ಚಿಯಂತೆ ಒರಗಲು 20 ಇಂಚೂ ಬೇಡ. ಆದ್ದರಿಂದ ಹಿಂದೆ ದಪ್ಪನೆಯ ಲೋಡು ಇಡಲೇಬೇಕಾಗುತ್ತದೆ, ಅದರ ಖರ್ಚನ್ನೂ ಚೌಕಾಸಿಗೆ ಮೊದಲೇ ಸೇರಿಸಿಕೊಳ್ಳಿ. ಮನೆಯ ಮೆಟ್ಟಿಲಿನ ತಿರುವನ್ನೂ ಅಳೆಯಿರಿ. ಹಳೇ ದಿವಾನಗಳಲ್ಲಿ ಹಲವನ್ನು ಬಿಚ್ಚಲು ಬರುವುದಿಲ್ಲ.