ಉದುರಿದ ಕೂದಲು ಊರೂರು ಸುತ್ತಿದ ಬಗೆ

ಕೊಪ್ಪಳ ಸೀಮೆಯ ಹೆಣ್ಣುಮಕ್ಕಳು ತಲೆ ಬಾಚಿದ ಮೇಲೆ ಹಣಿಗೆಗೆ ಸಿಕ್ಕ ಕೂದಲನ್ನು ಕಂಡಲ್ಲಿ ಒಗೆಯುತ್ತಿರಲಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಸಂದಿಗೋ ಜಂತಿಯ ಮೂಲೆಗೋ ತುರುಕುತ್ತಿದ್ದರು. ಕೂದಲು ಅನ್ನದಲ್ಲಿ ಬೀಳಬಾರದು, ಮಾಟ ಮಾಡುವವರ ಕೈಗೆ ಸಿಗಬಾರದು ಎಂಬ ಅಂಜಿಕೆ ಅದಕ್ಕೆ ಕಾರಣ. ಆಮೇಲೆ ಆ ಉಂಡೆಗೂ ಗಿರಾಕಿ ಬಂದರು. ಹಿಟ್ನಾಳದಂಥ ರಸ್ತೆ ಬದಿಯ ಊರುಗಳಿಂದ ಕುಷ್ಟಗಿ, ಯಲಬುರ್ಗಾದ ಒಳಹಳ್ಳಿಗಳವರೆಗೆ ಪಿನ್ನು, ಟಿಕಳಿ, ಬಲೂನು, ಸ್ಟೀಲಿನ ಬಟ್ಟಲು ಹೊತ್ತವರು ಕೂಗುತ್ತ ಓಣಿಗೆ ಬಂದರೆ ಮನೆಯ ಹೆಣ್ಣುಮಕ್ಕಳು ಜಂತಿಗೆ ಕೈ ಹಾಕುತ್ತಿದ್ದರು. ಹಿಡಿ ಕೂದಲು ಕೊಟ್ಟು ಹಿಡಿ ಪಿನ್ನು ತೆಗೆದುಕೊಳ್ಳುವ ವ್ಯವಹಾರ ಅದು.

ಹೀಗೆ ಕೂಡಿದ ಕೂದಲು ಹೋಗಿ ಸೇರುವ ಊರು ಜಿಲ್ಲೆಯಲ್ಲೇ ಇದೆ. ಕೊಪ್ಪಳ ಪಟ್ಟಣಕ್ಕೆ ಅಂಟಿಕೊಂಡಿರುವ ಭಾಗ್ಯನಗರ ಮೊದಲು ನೇಕಾರರ ಊರು. ಕೈಮಗ್ಗದ ಆದಾಯ ಕುಗ್ಗುತ್ತ ಬಂದ ದಶಕಗಳಲ್ಲಿ ಇಲ್ಲಿ ಕೂದಲಿನ ದಂಧೆ ಬೇರು ಬಿಟ್ಟಿತು. ಪಶ್ಚಿಮ ಬಂಗಾಳದ ಮುರ್ಶಿದಾಬಾದ್, ಆಂಧ್ರದ ಏಲೂರಿನ ಜೊತೆಗೆ ಕೂದಲಿನ ವ್ಯಾಪಾರಿಗಳ ಬಾಯಲ್ಲಿ ಭಾಗ್ಯನಗರದ ಹೆಸರೂ ಓಡಾಡತೊಡಗಿತು. ಎಳೆ ಸಿಕ್ಕಾದರೆ ಬಿಡಿಸುವುದು, ಉದ್ದ ನೋಡಿ ಜೋಡಿಸುವುದು ಮಗ್ಗದ ಮನೆಯ ಕೈಗಳಿಗೆ ಹೊಸದಲ್ಲ. ಹೊಸ ಕಸುಬು ಈ ಮಣ್ಣಿಗೆ ಹೊಂದಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೆಲಸ ಮಾತ್ರ ಸುಲಭದ್ದಲ್ಲ. ಹಳ್ಳಿಗಳಿಂದ ಬರುವ ಉಂಡೆಗಳಲ್ಲಿ ಧೂಳು, ಹೇನಿನ ಸೀರು, ಎಣ್ಣೆ ಜಿಡ್ಡು, ಬಿಳಿಗೂದಲು ಎಲ್ಲವೂ ಇರುತ್ತವೆ. ಹೆಂಗಸರು ನೆಲದ ಮೇಲೆ ಕೂತು ಸೂಜಿಯಿಂದ ಎಳೆ ಎಳೆ ಬಿಡಿಸುತ್ತಾರೆ. ಆಮೇಲೆ ತೊಳೆದು ಒಣಗಿಸುತ್ತಾರೆ. ಹಲಗೆಗೆ ಸಾಲಾಗಿ ಮೊಳೆ ಹೊಡೆದ ದೊಡ್ಡ ಹಣಿಗೆಯಲ್ಲಿ ಎಳೆದು ಸಾಪು ಮಾಡಿ, ಆರು ಇಂಚು, ಹತ್ತು ಇಂಚು, ಇಪ್ಪತ್ತು ಇಂಚು ಎಂದು ಬೇರ್ಪಡಿಸಿ ಕಟ್ಟು ಕಟ್ಟುತ್ತಾರೆ. ಉದ್ದ ಹೆಚ್ಚಿದಷ್ಟೂ ಬೆಲೆ ಏರುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಇಪ್ಪತ್ತು ಇಂಚಿನ ಒಂದು ಎಳೆಯ ಹಿಂದೆ ಯಾವುದೋ ಹೆಣ್ಣುಮಗಳ ನಾಲ್ಕು ವರ್ಷಕ್ಕೂ ಮಿಕ್ಕ ಬಾಳು ಇರುತ್ತದೆ.

ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲಿನ ದಾರಿಯೇ ಬೇರೆ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಬೋಳಿಸಿದ ಕೂದಲು ಹರಾಜಿಗೆ ಹೋಗುತ್ತದೆ. ಅದರಲ್ಲಿ ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಒಂದು ಕಡೆ ಇರುವುದರಿಂದ ಬೆಲೆ ಹೆಚ್ಚು. ವ್ಯಾಪಾರಿಗಳು ಇದನ್ನು ರೆಮಿ ಎನ್ನುತ್ತಾರೆ. ಪ್ರತಿ ಎಳೆಯ ಮೇಲೂ ಮೀನಿನ ಹುರುಪೆಯಂತೆ ಸಣ್ಣ ಪದರಗಳು ಬುಡದಿಂದ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಹಣಿಗೆಯ ಕೂದಲಿನಲ್ಲಿ ಬುಡ ತುದಿ ಬೆರೆತು ಈ ಪದರಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅದಕ್ಕೇ ವಿಗ್ ಕಾರ್ಖಾನೆಗಳಲ್ಲಿ ಇಂಥ ಕೂದಲನ್ನು ಆಮ್ಲದಲ್ಲಿ ಅದ್ದಿ ಪದರ ತೆಗೆದು, ಮೇಲೆ ಸಿಲಿಕೋನ್ ಸವರುತ್ತಾರೆ. ಕೊಳ್ಳುವಾಗ ಮಿರಿಮಿರಿ ಮಿಂಚುವ ಅಗ್ಗದ ವಿಗ್ ಕೆಲವು ಸಲ ತೊಳೆದೊಡನೆ ಒರಟಾಗಿ ಗಂಟು ಕಟ್ಟುವುದು ಇದರಿಂದಲೇ. ತಲೆ ತೆಳ್ಳಗಾಯಿತೆಂದು ವಿಗ್ಗನ್ನೋ ನೆತ್ತಿಯಷ್ಟನ್ನೇ ಮುಚ್ಚುವ ಟಾಪರನ್ನೋ ಕೊಳ್ಳುವವರು ಹೊಳಪಿಗೆ ಮರುಳಾಗದೆ, ಬುಡ ತುದಿ ಹೊಂದಿಸಿದ ಕೂದಲೇ ಎಂದು ಕೇಳಬೇಕು.

ಈ ದಂಧೆಗೆ ಸರಕು ಕೊಡುವ ಹೆಣ್ಣುಮಕ್ಕಳಿಗೂ ತಲೆ ತೆಳ್ಳಗಾಗುವ ಚಿಂತೆ ಇದ್ದದ್ದೇ. ಗರುಗದ ಸೊಪ್ಪು, ದಾಸವಾಳ, ಮೆಂತ್ಯ, ಔಡಲೆಣ್ಣೆ ಮನೆಮನೆಯ ಮದ್ದು. ಎಣ್ಣೆಯಿಂದ ಕೂದಲು ತುಂಡಾಗುವುದು ತಗ್ಗಬಹುದು. ಬೋಳಾದಲ್ಲಿ ಹೊಸ ಕೂದಲು ಬರುತ್ತದೆಂದು ಯಾರಾದರೂ ಮಾತು ಕೊಟ್ಟರೆ ನಂಬಬಾರದು. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಹೆರಿಗೆ, ಟೈಫಾಯ್ಡ್, ಡೆಂಗಿಯಂಥ ಜ್ವರವಾದ ಎರಡು ಮೂರು ತಿಂಗಳಿಗೆ ಹಣಿಗೆ ತುಂಬ ಬಂದರೂ ಹೆಚ್ಚಿನವರಿಗೆ ಅದು ತಾನಾಗಿ ನಿಲ್ಲುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆ ಇದ್ದರೆ ಎಣ್ಣೆಗಿಂತ ಮೊದಲು ರಕ್ತಪರೀಕ್ಷೆ ಬೇಕು. ಕೂದಲು ಉದುರುವುದಕ್ಕೆ ಅಂಗಡಿಯಲ್ಲಿ ಕೊಡುವ ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆದದ್ದು ಕಂಡು ಅದನ್ನು ತಲೆಗೆ ಹಚ್ಚುವ ಔಷಧವಾಗಿಸಿದರು. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಹಚ್ಚುವುದು ಬಿಟ್ಟರೆ ಅದರ ಫಲವೂ ಉಳಿಯುವುದಿಲ್ಲ ಎಂಬುದನ್ನು ಅಂಗಡಿಯವರು ಹೇಳುವುದು ಕಡಿಮೆ.

ಉದುರಿದ ಕೂದಲಿನ ಬೆಲೆ ಕೊಪ್ಪಳದಲ್ಲಿ ನಿಗದಿಯಾಗುವುದಿಲ್ಲ. 1960ರ ದಶಕದಲ್ಲಿ ಪಶ್ಚಿಮದ ದೇಶಗಳಲ್ಲಿ ವಿಗ್ಗಿನ ಹುಚ್ಚು ಏರಿತ್ತು. ಕಮ್ಯುನಿಸ್ಟ್ ಚೀನಾದ ಕೂದಲು ಬೇಡವೆಂದು ಅಮೆರಿಕ ಬಾಗಿಲು ಹಾಕಿದಾಗ ಭಾರತದ ಕೂದಲಿಗೆ ಬೇಡಿಕೆ ಬಂತು. ದಕ್ಷಿಣ ಕೊರಿಯಾ ಅದೇ ಹೊತ್ತಿನಲ್ಲಿ ಬರೀ ಕೂದಲು ಕಳಿಸುವುದನ್ನು ಬಿಟ್ಟು ವಿಗ್ಗನ್ನೇ ಹೆಣೆದು ಕಳಿಸಿತು. 1970ರ ಹೊತ್ತಿಗೆ ವಿಗ್ಗು ಆ ದೇಶದ ಮುಖ್ಯ ರಫ್ತುಗಳಲ್ಲಿ ಒಂದಾಯಿತು. ಮುಂದೆ ಚೀನಾದ ಶುಚಾಂಗ್ ವಿಗ್ಗಿನ ರಾಜಧಾನಿಯಾಗಿ ಬೆಳೆಯಿತು. ಭಾರತ ಬಹುಕಾಲ ಕೂದಲನ್ನು ಕೂದಲಾಗಿಯೇ ಮಾರುತ್ತ ಉಳಿಯಿತು. ಮ್ಯಾನ್ಮಾರ್ ಗಡಿಯಿಂದ ಕಳ್ಳಸಾಗಣೆ, ಬೆಲೆ ಕಡಿಮೆ ತೋರಿಸುವ ಲೆಕ್ಕಪತ್ರಗಳ ದೂರು ಹೆಚ್ಚಿದ ಮೇಲೆ ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಕಚ್ಚಾ ಕೂದಲಿನ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಆಮೇಲೆ ಕಿಲೋಗೆ 65 ಡಾಲರಿಗಿಂತ ಕಡಿಮೆ ಬೆಲೆಯ ಕಚ್ಚಾ ಕೂದಲನ್ನು ಹೊರಗೆ ಕಳಿಸುವಂತಿಲ್ಲ ಎಂದಿತು.

ಕೊರಿಯಾ ಮಾಡಿದ್ದನ್ನು ಭಾಗ್ಯನಗರ ಮಾಡಲಾರದೆಂದು ಹೇಳಲು ಕಾರಣವೇ ಇಲ್ಲ. ಸಿಕ್ಕು ಬಿಡಿಸುವ ಕೈ ವಿಗ್ಗಿನ ಜಾಲರಿಗೆ ಎಳೆ ಕಟ್ಟಲೂ ಕಲಿತೀತು. ಅದಕ್ಕೆ ತರಬೇತಿ ಬೇಕು, ಬಂಡವಾಳ ಬೇಕು. ಅದಕ್ಕೂ ಮೊದಲು, ದಿನವಿಡೀ ಕೂದಲಿನ ಧೂಳಿನಲ್ಲಿ ಕೂತು ತೂಕದ ಲೆಕ್ಕಕ್ಕೆ ದುಡಿಯುವ ಹೆಂಗಸರಿಗೆ ಗಾಳಿಯಾಡುವ ಜಾಗ, ಮೂಗು ಮುಚ್ಚಲು ಒಳ್ಳೆಯ ಮಾಸ್ಕ್, ಮೈಮುರಿಯುವ ದುಡಿಮೆಗೆ ತಕ್ಕ ಕೂಲಿ ಸಿಗಬೇಕು.